ಕನ್ನಡಿಯೊಳಗಿನ ಗಂಟು

ಮಂಗಳೂರಿನಲ್ಲಿ ಸ್ವಂತ ಮನೆ ಇರುವವರಿಗೆ ಎರಡು ಕಷ್ಟ: ಗೋಡೆಗೆ ಬರುವ ಬೂಸ್ಟು, ಮನೆಗೆ ಬರುವ ನೆಂಟರು. ಬೂಸ್ಟು ಜೂನಿನಲ್ಲಿ ಬಂದು ನವರಾತ್ರಿಯ ಹೊತ್ತಿಗೆ ಒಣಗುತ್ತದೆ. ನೆಂಟರು ನವರಾತ್ರಿಗೆ ಶುರುವಾಗಿ ಮುಂದಿನ ಬೂಸ್ಟು ಬರುವವರೆಗೂ ಇರುತ್ತಾರೆ. ಘಟ್ಟದ ಮೇಲಿನವರಿಗೆ ಕಡಲು ನೋಡುವ ಆಸೆ, ನೋಡಿಕೊಳ್ಳಲಿ ಪಾಪ, ಕಡಲೇನು ನಮ್ಮ ಮನೆಯದ್ದಲ್ಲ. ಆದರೆ ಉಳಿದುಕೊಳ್ಳುವ ಜಗಲಿ ನಮ್ಮದು.

ನೆಂಟರನ್ನು ಸುತ್ತಿಸುವುದಕ್ಕೆ ನಮ್ಮೂರಲ್ಲಿ ಯಾರೂ ಬರೆದಿಡದ, ಆದರೆ ಎಲ್ಲರೂ ಪಾಲಿಸುವ ಒಂದು ಪಟ್ಟಿ ಉಂಟು. ಬೆಳಿಗ್ಗೆ ಕದ್ರಿ ಮಂಜುನಾಥ, ಅಲ್ಲಿಂದ ಕುದ್ರೋಳಿ ಗೋಕರ್ಣನಾಥ, ಸಂಜೆ ಪಣಂಬೂರು, ರಾತ್ರಿ ಗಡ್‌ಬಡ್ ಐಸ್‌ಕ್ರೀಮು. ಇದರಲ್ಲಿ ತೊಂದರೆಯ ಹೊತ್ತೆಂದರೆ ಹನ್ನೊಂದು ಗಂಟೆ. ಬಿಸಿಲು ನೆತ್ತಿಗೆ ಬಂದಿರುತ್ತದೆ. ಊಟಕ್ಕೆ ಇನ್ನೂ ಸಮಯ ಉಂಟು. ಮನೆಯಲ್ಲಿ ಕೊದ್ದೆಲಿಗೆ ಮಸಾಲೆಯೇ ಅರೆದಿಲ್ಲ. ಆ ಹೊತ್ತಿನಲ್ಲಿ ಇವರನ್ನೆಲ್ಲ ಎಲ್ಲಿಡುವುದು ಎಂದು ಯೋಚಿಸುತ್ತಿದ್ದಾಗ ನನಗೆ ಹೊಳೆದದ್ದು ಬಾವುಟಗುಡ್ಡೆಯ ಅಲೋಶಿಯಸ್ ಕಾಲೇಜಿನ ಚಾಪೆಲು. ಒಳಗೆ ತಂಪು. ಕೂರಲು ಬೆಂಚು ಉಂಟು. ಯಾವ ಊರು, ಯಾವ ಮತ ಎಂದು ಕೇಳುವವರಿಲ್ಲ. ಅದಕ್ಕಿಂತ ಮುಖ್ಯವಾಗಿ, ನಮ್ಮ ಕಡೆಯ ನೆಂಟರು ಬಾಯಿ ಮುಚ್ಚಿ ಕೂರುವುದು ಈ ಭೂಮಂಡಲದಲ್ಲಿ ಅದೊಂದೇ ಜಾಗದಲ್ಲಿ. ಇನ್ನೂ ಒಂದು ಕಾರಣ ಉಂಟು. ನಾನು ಗೈಡಾಗಿ ಹೊರಟರೆ ಮಸಾಲೆ ಅರೆಯುವುದು ನನ್ನ ಗಂಡನ, ಅಂದರೆ ಇವರ, ಪಾಲಿಗೆ ಬರುತ್ತದೆ. ನನ್ನ ಕಲಾಪ್ರೇಮದ ತಾಯಿಬೇರು ಇರುವುದು ಅಲ್ಲಿ.

ಹಾಗೆಂದು ನಾನು ಓದದೆ ಹೊರಟವಳಲ್ಲ. ಇಟಲಿಯ ಜೆಸ್ವಿಟ್ ಪಾದ್ರಿಗಳು 1880ರಲ್ಲಿ ಕಾಲೇಜು ತೆರೆದದ್ದು, ಅದೇ ದಶಕದಲ್ಲಿ ಚಾಪೆಲು ಎದ್ದದ್ದು, ಎಲ್ಲ ನನಗೆ ಬಾಯಿಪಾಠ. ಹೊರಗಿನಿಂದ ನೋಡಿದರೆ ಅದೇನೂ ಅಬ್ಬರದ ಕಟ್ಟಡವಲ್ಲ. ಒಳಗೆ ಕಾಲಿಟ್ಟು ಕತ್ತು ಮೇಲೆತ್ತಿದರೆ ಗೋಡೆ, ಕಮಾನು, ಸೂರು, ಎಲ್ಲಿ ನೋಡಿದರೂ ಚಿತ್ರ. ಅಷ್ಟನ್ನೂ ಬಿಡಿಸಿದವರು ಆಂಟೋನಿಯೋ ಮೊಸ್ಕೆನಿ. 1854ರಲ್ಲಿ ಬೆರ್ಗಾಮೊ ಹತ್ತಿರದ ಸ್ಟೆಜ್ಜಾನೋ ಎಂಬಲ್ಲಿ ಹುಟ್ಟಿ, ಬೆರ್ಗಾಮೊದ ಕರ್ರಾರ ಅಕಾಡೆಮಿಯಲ್ಲಿ ಕಲಿತು, 1889ರಲ್ಲಿ ಜೆಸ್ವಿಟರ ಸಭೆ ಸೇರಿದವರು. ಪಾದ್ರಿಯಲ್ಲ, ಬ್ರದರ್. ಕಡಲು ದಾಟಿ ಇಲ್ಲಿಗೆ ಬಂದು 1899ರಲ್ಲಿ ಕುಂಚ ಹಿಡಿದರು, 1901ಕ್ಕೆ ಚಾಪೆಲು ಮುಗಿಸಿದರು. ಜೆಪ್ಪುವಿನ ಸೆಮಿನರಿಯಲ್ಲಿಯೂ ಬರೆದರು. ಕೊನೆಗೆ ಕೊಚ್ಚಿಯ ಸಾಂತಾಕ್ರೂಸ್ ಇಗರ್ಜಿಯಲ್ಲಿ ಬರೆಯುತ್ತ, ಅದರ ಪ್ರತಿಷ್ಠೆಗೆ ಕೆಲವೇ ದಿನ ಇರುವಾಗ, 1905ರ ನವೆಂಬರಿನಲ್ಲಿ ತೀರಿಕೊಂಡರು. ಆಗ ಅವರಿಗೆ ಐವತ್ತೊಂದೇ ವರ್ಷ.

ಇದನ್ನು ಕೇಳಿ ನೆಂಟರು ಒಮ್ಮೆ ಬೆರಗಾಗುತ್ತಾರೆ, ಮನೆಯವರು ದಿನಾ ಬೆವರುತ್ತಾರೆ. ಊಟಕ್ಕೆ ಕೂತಾಗ ನಾನು ಗಂಟಲು ಸರಿ ಮಾಡಿಕೊಂಡರೆ ಸಾಕು, ಮಗಳು ‘ಅಪ್ಪ, 1854 ಬಂತು’ ಎಂದು ಅನ್ನದ ಬಟ್ಟಲು ಎತ್ತಿಕೊಂಡು ಟೀವಿ ಕೋಣೆಗೆ ಓಡುತ್ತಾಳೆ. ಇವರು ಮೊಸ್ಕೆನಿಯವರ ಹೆಸರು ಹೇಳುವುದನ್ನೇ ಬಿಟ್ಟು ‘ನಿನ್ನ ಬೆರ್ಗಾಮೊದವರು’ ಎನ್ನುತ್ತಾರೆ, ನನ್ನ ತವರು ಅಲ್ಲೇ ಎಲ್ಲೋ ಇರುವ ಹಾಗೆ.

ಇವರ ಸಿಟ್ಟಿಗೂ ಕಾರಣ ಉಂಟು. ನಮ್ಮ ಜಗಲಿಯ ಗೋಡೆಗೆ ಬಣ್ಣ ಆಗಬೇಕು ಎಂಬ ಮಾತು ಹುಟ್ಟಿದಾಗ ನನ್ನ ಮಗಳು ಹಾಲುಹಲ್ಲಿನವಳು. ಈಗ ಅವಳು ಹಲ್ಲಿಗೆ ತಂತಿ ಹಾಕಿಸಿಕೊಂಡಿದ್ದಾಳೆ. ಗೋಡೆ ಹಾಗೇ ಉಂಟು. ಬಣ್ಣದ ಕಾರ್ಡು ತಂದದ್ದೆಷ್ಟು, ನಾನು ‘ಇದು ಸ್ವಲ್ಪ ಕೆನೆ ಜಾಸ್ತಿ, ಅದು ಸ್ವಲ್ಪ ಕೆನೆ ಕಮ್ಮಿ’ ಎಂದದ್ದೆಷ್ಟು! ಒಂದು ಸಲ ನಾನು ‘ನೋಡಿ, ಒಬ್ಬ ಮನುಷ್ಯ ಎರಡು ಚಿಲ್ಲರೆ ವರ್ಷದಲ್ಲಿ ಇಡೀ ಚಾಪೆಲು ಮುಗಿಸಿದರು, ನಿಮಗೆ ಒಂದು ಜಗಲಿ ಆಗುವುದಿಲ್ಲವಾ?’ ಎಂದೆ. ಇವರು ಪೇಪರಿನಿಂದ ತಲೆ ಎತ್ತದೆ, ‘ಅವರಿಗೆ ಹೆಂಡತಿ ಇರಲಿಲ್ಲ ಮಾರಾಯ್ತಿ, ಬಣ್ಣ ಅವರೇ ಆರಿಸಿದರು’ ಎಂದರು. ಇತಿಹಾಸ ಓದಿಕೊಂಡವಳು ನಾನು, ಉತ್ತರ ಸಿಕ್ಕಿದ್ದು ಅವರಿಗೆ.

ಕೊನೆಗೊಮ್ಮೆ ಮೇಸ್ತ್ರಿ ಬಂದೇ ಬಂದರು. ಗೋಡೆ ಕೆರೆದು, ಹೊಸ ಗಾರೆ ಮೆತ್ತಿ, ‘ಇದು ಚೆನ್ನಾಗಿ ಒಣಗಲಿ ಅಕ್ಕ, ಮತ್ತೆ ಬಣ್ಣ’ ಎಂದರು. ಇಂಥ ಗಳಿಗೆಗಾಗಿಯೇ ನಾನು ಕಾದಿದ್ದೆ. ‘ಒಣಗುವುದು ಎಂಥದಕ್ಕೆ? ಫ್ರೆಸ್ಕೋ ಅಂತ ಒಂದು ಉಂಟು. ಹಸಿ ಸುಣ್ಣದ ಗಾರೆಯ ಮೇಲೆಯೇ ನೀರಲ್ಲಿ ಕಲಸಿದ ಬಣ್ಣ ಹಚ್ಚುವುದು. ಸುಣ್ಣ ಗಾಳಿಯ ಇಂಗಾಲಾಮ್ಲ ಹೀರಿಕೊಂಡು ಪುನಃ ಕಲ್ಲಾಗುತ್ತದೆ, ಬಣ್ಣ ಆ ಕಲ್ಲಿನೊಳಗೇ ಸಿಕ್ಕಿಕೊಳ್ಳುತ್ತದೆ. ಅದಕ್ಕೇ ಒಂದು ದಿನಕ್ಕೆ ಎಷ್ಟು ಬರೆಯಲು ಆಗುತ್ತದೋ ಅಷ್ಟಕ್ಕೇ ಗಾರೆ ಮೆತ್ತಬೇಕು. ಒಣಗಿದರೆ ಕೆಟ್ಟಿತು. ಅಲೋಶಿಯಸ್ ಚಾಪೆಲಿನ ಗೋಡೆಯಲ್ಲಿ ಇರುವುದು ಅದೇ. ಸೂರಿನದ್ದು ಬೇರೆ, ಅದು ಕ್ಯಾನ್ವಾಸಿನ ಮೇಲೆ ಎಣ್ಣೆಬಣ್ಣ’ ಎಂದು ಒಂದೇ ಉಸಿರಿಗೆ ಹೇಳಿದೆ. ಮೇಸ್ತ್ರಿ ಕರಣೆ ಕೆಳಗಿಟ್ಟು, ಕೈ ಕಟ್ಟಿಕೊಂಡು, ಪೂರ್ತಿ ಕೇಳಿದರು. ‘ಸರಿ ಅಕ್ಕ. ಆದ್ರೆ ಇದು ಸಿಮೆಂಟು, ಅದು ಡಬ್ಬದ ಬಣ್ಣ. ಹಸಿ ಗೋಡೆಗೆ ಹೊಡೆದ್ರೆ ಮುಂದಿನ ಮಳೆಗೆ ಹಪ್ಪಳ ಏಳ್ತದೆ. ನೀವು ಹೇಳಿದವರನ್ನೇ ಕರೆಸುವುದಾದ್ರೆ ಕರೆಸಿ, ನಾನು ಬೇರೆ ಕೆಲಸ ಒಪ್ಕೊಂಡಿದ್ದೇನೆ’ ಎಂದು ಹೊರಟವರು ಬರಲಿಲ್ಲ. ಅರ್ಧ ಗೋಡೆ ಗಾರೆ, ಅರ್ಧ ಗೋಡೆ ಹಳೆಯ ಹಸಿರು. ಬಂದ ನೆಂಟರೆಲ್ಲ ಅದನ್ನು ಏನೋ ಹೊಸ ಫ್ಯಾಷನ್ ಎಂದುಕೊಳ್ಳುತ್ತಾರೆ, ನಾನು ತಿದ್ದಲು ಹೋಗುವುದಿಲ್ಲ.

ಹಾಗೆ ನೋಡಿದರೆ ನಮ್ಮೂರಿನ ಮಳೆಗೆ ಇಟಲಿಯವರ ಮೇಲೆ ವಿಶೇಷ ದಾಕ್ಷಿಣ್ಯವೇನಿಲ್ಲ. ಚಾಪೆಲಿನ ಚಿತ್ರಗಳನ್ನೂ ಅದು ಬಿಡಲಿಲ್ಲ. 1990ರ ದಶಕದ ಆರಂಭದಲ್ಲಿ ಇಂಟ್ಯಾಕ್ ಸಂಸ್ಥೆಯ ಲಖನೌ ಕೇಂದ್ರದ ತಜ್ಞರು ಬಂದು, ವರ್ಷಗಟ್ಟಲೆ ಕೂತು ಅವನ್ನು ಸರಿಪಡಿಸಿದರು. ನಾನು ಇದನ್ನೂ ಇವರ ಮೇಲೆ ಪ್ರಯೋಗಿಸಿದ್ದೇನೆ. ‘ಅವರು ಗೋಡೆ ಸರಿ ಮಾಡಲು ಲಖನೌದಿಂದ ಜನ ಕರೆಸಿದರು, ನಿಮಗೆ ಹಂಪನಕಟ್ಟೆಯಿಂದ ಒಬ್ಬರನ್ನು ತರಲು ಆಗುವುದಿಲ್ಲ.’ ‘ಹಂಪನಕಟ್ಟೆಯವರಿಗೆಲ್ಲ ನಿನ್ನ ವಿಷಯ ಗೊತ್ತಾಗಿದೆ’ ಎಂದರು ಇವರು.

ನನ್ನನ್ನು ಆ ಚಾಪೆಲಿನ ಒಳಗೆ ಮೊದಲು ಕರೆದುಕೊಂಡು ಹೋದದ್ದು ಪಕ್ಕದ ಮನೆಯ ಬಾಯಮ್ಮ. ಮದುವೆಯಾಗಿ ಈ ಬೀದಿಗೆ ಬಂದ ಹೊಸತರಲ್ಲಿ ‘ಇದೇ ಊರಲ್ಲಿದ್ದು ನೋಡದಿದ್ದರೆ ಎಂಥ ಚೆಂದ?’ ಎಂದು ಕೈಹಿಡಿದು ಎಳೆದೊಯ್ದಿದ್ದರು. ಬಾಯಮ್ಮನ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದು ದಾಸವಾಳದ ಬೇಲಿ. ಆ ಬೇಲಿಯ ವಿಷಯ ಹೇಳದೆ ಮುಂದೆ ಹೋದರೆ ನಮ್ಮ ಅತ್ತೆಯ ಸ್ವಭಾವ ನಿಮಗೆ ತಿಳಿಯುವುದಿಲ್ಲ.

ಸೆಪ್ಟೆಂಬರ್ 8ಕ್ಕೆ ಮೊಂತಿ ಫೆಸ್ತ್, ಮರಿಯಮ್ಮನ ಹುಟ್ಟುಹಬ್ಬ, ತೆನೆಹಬ್ಬವೂ ಹೌದು. 1763ರಲ್ಲಿ ಫರಂಗಿಪೇಟೆಯ ಮೋಂತ್ ಮರಿಯಾನೊದಲ್ಲಿ ಗೋವೆಯ ಪಾದ್ರಿ ಜೋಕಿಂ ಮಿರಾಂಡ ಇದನ್ನು ಶುರುಮಾಡಿದರೆಂದು ಬಾಯಮ್ಮ ಹೇಳುತ್ತಾರೆ. ಅದಕ್ಕೆ ಮುಂಚೆ ಒಂಬತ್ತು ದಿನ ಮಕ್ಕಳೆಲ್ಲ ತಟ್ಟೆಯಲ್ಲಿ ಹೂ ಹಿಡಿದು ಇಗರ್ಜಿಗೆ ಹೋಗಿ ಮಾತೆಗೆ ಎರಚುವುದು. ಹಬ್ಬದ ದಿನ ಪಾದ್ರಿಗಳು ಹರಸಿದ ಭತ್ತದ ತೆನೆ ಮನೆಗೆ, ಹೊಸ ಅಕ್ಕಿ ಹಾಲಿಗೆ, ಮಕ್ಕಳ ಕೈಗೆ ಕಬ್ಬು. ನಮ್ಮ ಮಗಳು ಚಿಕ್ಕವಳಿದ್ದಾಗ ಬಾಯಮ್ಮನ ಮೊಮ್ಮಕ್ಕಳ ಜೊತೆ ಇವಳೂ ಹೂ ಎರಚಲು ಹೊರಟಳು. ಹೂ ಎಲ್ಲಿಯದು? ಬೇಲಿಯದು. ಬೆಳಿಗ್ಗೆ ಅತ್ತೆ ಪೂಜೆಗೆಂದು ಹೂಬುಟ್ಟಿ ಹಿಡಿದು ಹೋದರೆ ಗಿಡದಲ್ಲಿ ಎಲೆ ಮಾತ್ರ. ಮೊದಲ ದಿನ ಗೊಣಗಿದರು. ಮರುದಿನ ಬೇಗ ಎದ್ದರು. ಮಕ್ಕಳು ಅದಕ್ಕೂ ಬೇಗ ಎದ್ದರು. ಅದರ ಮರುದಿನ ಅತ್ತೆ ಬೇಲಿಯ ಹತ್ತಿರ ಕುರ್ಚಿ ಹಾಕಿಕೊಂಡು ಕೂತು, ‘ಬಿಳಿ ನಿಮಗೆ, ಕೆಂಪು ನನಗೆ, ಮೊಗ್ಗು ಮುಟ್ಟಿದವರ ಕೈ ಮುರಿದೇನು’ ಎಂದು ಪಾಲು ಮಾಡಿಕೊಟ್ಟರು. ನಮ್ಮ ಮನೆಯಲ್ಲಿ ಯಾವುದಾದರೂ ಆಸ್ತಿ ಇಷ್ಟು ಚೊಕ್ಕವಾಗಿ ಪಾಲಾದದ್ದು ಅದೊಂದೇ.

ಆ ಹಬ್ಬದ ಊಟ ಪೂರ್ತಿ ಸಸ್ಯಾಹಾರ. ತರಕಾರಿ ಪದಾರ್ಥಗಳು ಬೆಸ ಸಂಖ್ಯೆಯಲ್ಲೇ ಇರಬೇಕು, ಐದೋ ಏಳೋ ಒಂಬತ್ತೋ. ವರ್ಷವೆಲ್ಲ ಮೀನು ತಿನ್ನುವ ಮನೆಯಲ್ಲಿ ಏಳು ತರಕಾರಿ ಎಣಿಸುವುದು ಸುಲಭವಲ್ಲ. ಬೆಳಿಗ್ಗೆ ಬಾಯಮ್ಮ ಬೇಲಿಯಾಚೆಯಿಂದ ‘ಅಮ್ಮ, ಉಪ್ಪಿನಕಾಯಿ ಲೆಕ್ಕಕ್ಕೆ ಬರ್ತದಾ?’ ಎಂದು ಕೇಳುತ್ತಾರೆ. ತಲೆತಲಾಂತರದಿಂದ ಸೊಪ್ಪು ಬೇಯಿಸಿಕೊಂಡು ಬಂದ ನಮ್ಮ ಅತ್ತೆಗೆ ವರ್ಷಕ್ಕೊಮ್ಮೆ ಸಿಗುವ ಪೀಠ ಅದು. ‘ಉಪ್ಪಿನಕಾಯಿ ಬರುವುದಿಲ್ಲ, ಗೊಜ್ಜು ಬರುತ್ತದೆ’ ಎಂದು ತೀರ್ಪು ಕೊಡುತ್ತಾರೆ. ಯಾವ ಶಾಸ್ತ್ರದಲ್ಲಿ ಹೇಳಿದೆ ಎಂದು ಬಾಯಮ್ಮನ ಮನೆಯ ಪೊರ್ಬುಗಳೂ ಕೇಳಿಲ್ಲ, ನಾನೂ ಕೇಳಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಹೋದ ಡಿಸೆಂಬರಿನಲ್ಲಿ ಬೆಂಗಳೂರಿನಿಂದ ಭಾವ, ಅಕ್ಕ, ಅವರ ಮಗ ಬಂದರು. ಭಾವ ಎಂದರೆ ಇವರ ಅಣ್ಣ. ವಿಟ್ಲದ ಕಡೆ ಮಾವ ಬಿಟ್ಟುಹೋದ ಅಡಿಕೆ ತೋಟ ಉಂಟು, ಅದಿನ್ನೂ ಪಾಲಾಗಿಲ್ಲ. ಭಾವ ಪ್ರತಿ ಸಲ ‘ಮುಂದಿನ ಸಲ ಕೂತು ಮಾತಾಡುವ’ ಎನ್ನುತ್ತಾರೆ. ಮುಂದಿನ ಸಲ ಬಂದಾಗ ಕೂರಲು ಸಮಯ ಇರುವುದಿಲ್ಲ, ಏಕೆಂದರೆ ನಾನು ಅವರನ್ನು ಸುತ್ತಿಸುತ್ತಿರುತ್ತೇನೆ. ಇದರಲ್ಲಿ ನನ್ನ ಕಲಾಪ್ರೇಮದ ಪಾಲೆಷ್ಟು ಎಂದು ಅತ್ತೆ ಒಮ್ಮೆ ಕೇಳಿದ್ದರು.

ಈ ಬಾರಿ ಅತ್ತೆ ತಾವೂ ಚಾಪೆಲಿಗೆ ಬರುತ್ತೇನೆಂದು ಹಠ ಹಿಡಿದರು. ಅವರ ಕತ್ತಿಗೆ ಡಾಕ್ಟರು ಪಟ್ಟಿ ಕಟ್ಟಿದ್ದಾರೆ, ಮೇಲೆ ನೋಡುವಂತಿಲ್ಲ. ಸೂರು ನೋಡಲಿಕ್ಕೆಂದೇ ಹೋಗುವ ಜಾಗಕ್ಕೆ ಕತ್ತೆತ್ತಲಾಗದವರನ್ನು ಹೇಗೆ ಕರೆದೊಯ್ಯುವುದು? ನಾನು ‘ನೀವು ಮನೆಯಲ್ಲೇ ವಿಶ್ರಾಂತಿ ತೆಗೆದುಕೊಳ್ಳಿ ಅತ್ತೆ’ ಎಂದೆ, ಮಸಾಲೆಯ ವಿಷಯ ತಲೆಯಲ್ಲಿತ್ತು. ಅಷ್ಟರಲ್ಲಿ ಮಗಳು ಬಚ್ಚಲಿಗೆ ಹೋಗಿ, ಇವರು ಗಡ್ಡ ಹೆರೆಯುವ ದುಂಡು ಕನ್ನಡಿಯನ್ನು ಮೊಳೆಯಿಂದ ಬಿಚ್ಚಿ ತಂದು, ‘ಅಜ್ಜಿ, ಇದನ್ನು ತೊಡೆ ಮೇಲೆ ಇಟ್ಟುಕೊಂಡು ಕೆಳಗೆ ನೋಡಿ, ಮೇಲಿನದ್ದೆಲ್ಲ ಕಾಣುತ್ತದೆ’ ಎಂದಳು. 1854ರ ಪಾಠ ತಪ್ಪಿಸಿಕೊಂಡು ಓಡುತ್ತಿದ್ದವಳಿಗೆ ಇಂಥ ಬುದ್ಧಿ ಎಲ್ಲಿಂದ ಬಂತೋ! ಇವರು ಅರ್ಧ ಗಡ್ಡಕ್ಕೆ ನೊರೆ ಹಚ್ಚಿಕೊಂಡಿದ್ದರು. ಯಾರೂ ಗಮನಿಸಲಿಲ್ಲ.

ಬೈರಾಸಿನಲ್ಲಿ ಸುತ್ತಿದ ಕನ್ನಡಿ ಹಿಡಿದುಕೊಂಡು ರಿಕ್ಷಾದಲ್ಲಿ ಗುಡ್ಡ ಹತ್ತಿದೆವು. ಡಿಸೆಂಬರ್ ಎಂದರೆ ಶಾಲಾ ಪ್ರವಾಸದ ಕಾಲ. ಒಳಗೆ ಯಾವುದೋ ಹೈಸ್ಕೂಲಿನ ಮಕ್ಕಳು, ಟೋಪಿ ಹಾಕಿಕೊಂಡ ಅವರ ಮೇಷ್ಟ್ರು, ಹನಿಮೂನಿಗೆ ಬಂದ ಹಾಗೆ ಕಾಣುವ ಒಂದು ಜೋಡಿ, ಎಲ್ಲರೂ ಕತ್ತು ಹಿಂದಕ್ಕೆ ಚೆಲ್ಲಿ ಬಾಯಿ ತೆರೆದು ನಿಂತಿದ್ದರು. ಚಾಪೆಲಿನವರದೇ ಒಬ್ಬ ವಿವರಣೆಗಾರರು ತಗ್ಗಿದ ದನಿಯಲ್ಲಿ ಹೇಳುತ್ತಿದ್ದರು. ನಾನು ಅವರಿಗಿಂತ ತಗ್ಗಿದ ದನಿಯಲ್ಲಿ, ಅವರಿಗಿಂತ ಒಂದು ವಾಕ್ಯ ಮುಂದೆ ಇರುವಂತೆ ನೋಡಿಕೊಂಡು, ನಮ್ಮವರಿಗೆ ಹೇಳತೊಡಗಿದೆ. ಹಿಂದಿನ ಗೋಡೆಯಲ್ಲಿ ಮಕ್ಕಳ ನಡುವೆ ಯೇಸು, ಸೂರಿನ ಇಳಿಜಾರಿನಲ್ಲಿ ಅಪೊಸ್ತಲರು, ನಡುವಿನ ಸಾಲಿನಲ್ಲಿ ಸಂತ ಅಲೋಶಿಯಸ್ ಗೊನ್ಜಾಗನ ಬದುಕು. ಭಾವನ ಮಗ ಕಿವಿಗೆ ಏನೋ ಸಿಕ್ಕಿಸಿಕೊಂಡಿದ್ದ. ಅಕ್ಕ ‘ಒಳ್ಳೆ ತಂಪುಂಟು’ ಎಂದು ಬೆಂಚಿನಲ್ಲಿ ಕೂತು ಕಣ್ಣು ಮುಚ್ಚಿದರು.

ಅತ್ತೆ ನಡುವಿನ ಬೆಂಚಿನ ತುದಿಯಲ್ಲಿ ಕೂತು ಬೈರಾಸು ಬಿಚ್ಚಿದರು. ಕನ್ನಡಿ ತೊಡೆಯ ಮೇಲೆ ಬಂತು. ಕನ್ನಡಕ ಏರಿಸಿ ಕೆಳಗೆ ಬಾಗಿ ನೋಡಿದವರು ಮಾತಿಲ್ಲದೆ ಉಳಿದರು. ಆಮೇಲೆ ಕನ್ನಡಿಯನ್ನು ಸ್ವಲ್ಪ ಸ್ವಲ್ಪವೇ ವಾಲಿಸುತ್ತ, ಸೂರಿನ ಈ ಕೊನೆಯಿಂದ ಆ ಕೊನೆಗೆ ತೀರ್ಥಯಾತ್ರೆ ಹೊರಟರು. ಕತ್ತು ನೋವು ಹಿಡಿದಿದ್ದ ಒಬ್ಬ ಹುಡುಗ ಬಂದು ಹೆಗಲ ಮೇಲಿಂದ ಇಣುಕಿದ. ‘ಏ, ಇಲ್ಲಿ ಆರಾಮಾಗಿ ಕಾಣ್ತದೆ ಬಾರೋ’ ಎಂದ. ಇನ್ನೊಬ್ಬ ಬಂದ. ಕ್ಷಣದಲ್ಲಿ ನನ್ನ ಹಿಂದೆ ಒಂದು ನರಪಿಳ್ಳೆಯೂ ಇರಲಿಲ್ಲ, ಅತ್ತೆಯ ಬೆಂಚಿನಿಂದ ಬಾಗಿಲಿನವರೆಗೆ ಸಾಲು. ‘ಒಬ್ಬೊಬ್ಬರೇ, ತಳ್ಳಬೇಡಿ, ಕನ್ನಡಿ ಒಡೆದರೆ ಅಪಶಕುನ’ ಎಂದು ಅತ್ತೆ ಬೇಲಿಯ ದನಿಯಲ್ಲಿ ಹೇಳಿದರು. ಟೋಪಿ ಮೇಷ್ಟ್ರೂ ಸಾಲಿನಲ್ಲಿ ನಿಂತರು. ವಿವರಣೆಗಾರರು ಒಂದು ಗಳಿಗೆ ನೋಡಿ, ನಕ್ಕು, ಅವರೇ ಬೆಂಚಿನ ಹತ್ತಿರ ಬಂದು ಅತ್ತೆಗೆಂದೇ ಕತೆ ಮೊದಲಿನಿಂದ ಶುರುಮಾಡಿದರು. ಇಷ್ಟು ಕಾಲ ನೆಂಟರನ್ನು ಹೊತ್ತು ತಂದ ನನಗೆ ಆ ಗೌರವ ಯಾವತ್ತೂ ಸಿಕ್ಕಿರಲಿಲ್ಲ.

‘ಅಲೋಶಿಯಸ್ 1568ರಲ್ಲಿ ಹುಟ್ಟಿದ್ದು, ಕಾಸ್ತಿಲ್ಯೋನೆಯ ದೊರೆಯ ಹಿರಿಯ ಮಗ’ ಎಂದರು ಅವರು.

‘ಹಿರಿಯ ಮಗ’ ಎಂದು ಅತ್ತೆ ಕನ್ನಡಿ ನೋಡುತ್ತಲೇ ಹೇಳಿದರು.

‘ಹೌದಮ್ಮ. ಪಟ್ಟ, ಆಸ್ತಿ ಎಲ್ಲ ಅವರಿಗೇ ಬರಬೇಕಿತ್ತು. ಅವರು ಬೇಡ ಅಂದ್ರು. ಎಲ್ಲ ತಮ್ಮನಿಗೆ ಬಿಟ್ಟುಕೊಟ್ಟು ಜೆಸ್ವಿಟರ ಸಭೆ ಸೇರಿದ್ರು.’

ಅತ್ತೆಯ ಕೈಯಲ್ಲಿ ಕನ್ನಡಿ ನಿಂತಿತು. ‘ಎಲ್ಲ? ತಮ್ಮನಿಗೆ?’

‘ಎಲ್ಲ, ಅಮ್ಮ.’

‘ಬಾಯಿಮಾತಿನಲ್ಲಾ, ಕಾಗದದಲ್ಲಾ?’

‘ಕಾಗದದಲ್ಲೇ. ಸಹಿ ಹಾಕಿ ಕೊಟ್ಟಿದ್ದು.’

ಅತ್ತೆ ಕತ್ತು ತಿರುಗಿಸಲಾರರು. ಅದಕ್ಕೆ ಕನ್ನಡಿಯನ್ನೇ ನಿಧಾನವಾಗಿ ತಿರುಗಿಸಿದರು. ಅಪೊಸ್ತಲರು ಸರಿದುಹೋದರು, ಕಮಾನು ಸರಿದುಹೋಯಿತು, ಕೊನೆಗೆ ಕನ್ನಡಿಯ ನಟ್ಟನಡುವೆ ಭಾವನ ಮುಖ ಬಂದು ನಿಂತಿತು. ಸಾಲಿನಲ್ಲಿದ್ದ ಮಕ್ಕಳೆಲ್ಲ ಭಾವನನ್ನೇ ನೋಡಿದರು, ಚಿತ್ರದಲ್ಲಿ ಇವರದ್ದೂ ಏನೋ ಪಾತ್ರ ಇರಬೇಕೆಂದುಕೊಂಡು.

‘ಅಮ್ಮ, ಅದು ಇಟಲಿ. ಅಲ್ಲಿನ ಕಾನೂನು ಬೇರೆ’ ಎಂದರು ಭಾವ.

‘ನಾನು ಎಂತ ಹೇಳಿದೆ? ಚಿತ್ರ ನೋಡುತ್ತಿದ್ದೇನೆ’ ಎಂದರು ಅತ್ತೆ. ‘ಆಮೇಲೆ ಎಂತಾಯಿತು ಇವರೇ?’

ಆಮೇಲೆ ರೋಮಿನಲ್ಲಿ ಪ್ಲೇಗು ಬಂದದ್ದು, ಅಲೋಶಿಯಸ್ ರೋಗಿಗಳ ಸೇವೆಗೆ ನಿಂತದ್ದು, ತನಗೂ ರೋಗ ತಗುಲಿ 1591ರಲ್ಲಿ ಇಪ್ಪತ್ತಮೂರನೆಯ ವಯಸ್ಸಿಗೇ ತೀರಿಕೊಂಡದ್ದು, ಎಲ್ಲ ಅವರು ಹೇಳಿದರು. ಅತ್ತೆ ಕಣ್ಣೊರೆಸಿಕೊಂಡರು. ನಿಜವಾಗಿ ಅತ್ತರು, ಅದರಲ್ಲಿ ನಾಟಕ ಇರಲಿಲ್ಲ. ಆದರೆ ಭಾವ ಅಷ್ಟು ಹೊತ್ತಿಗೆ ಹೊರಗೆ ಹೋಗಿದ್ದರು. ಹುಡುಕಿದರೆ, ಅದೇ ಕಾಲೇಜಿನ ಅಲೋಸಿಯಂ ಮ್ಯೂಸಿಯಮ್ಮಿನಲ್ಲಿ, ಊರಿಗೆ ಬಂದ ಮೊದಲ ಕಾರು ಎಂದು ಹೇಳುವ ಫ್ರೆಂಚ್ ಕಾರಿನ ಮುಂದೆ ಬಹಳ ಆಸಕ್ತಿಯಿಂದ ನಿಂತಿದ್ದರು. ಭಾವನಿಗೆ ಹಳೆಯ ಕಾರಿನ ಹುಚ್ಚು ಇದೆಯೆಂದು ನಮಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಮಧ್ಯಾಹ್ನ ಮನೆಯಲ್ಲಿ ಇವರು ಅರ್ಧ ಗಡ್ಡದಲ್ಲಿ ಬಡಿಸಿದರು. ಮಸಾಲೆ ನುಣ್ಣಗಾಗಿರಲಿಲ್ಲ, ಯಾರೂ ಮಾತಾಡಲಿಲ್ಲ. ಮಜ್ಜಿಗೆಯ ಹೊತ್ತಿಗೆ ಭಾವ ತಾವಾಗಿಯೇ ‘ಫೆಬ್ರವರಿಯಲ್ಲಿ ಸರ್ವೆಯವರನ್ನು ಕರೆಸುವ’ ಎಂದರು. ಇವರ ಕೈಯ ಸೌಟು ಪಾತ್ರೆಯ ಮೇಲೆಯೇ ನಿಂತಿತು. ಅತ್ತೆ ‘ನಿನ್ನ ಇಷ್ಟ ಮಗ, ನಾನು ಒತ್ತಾಯ ಮಾಡುವುದಿಲ್ಲ’ ಎಂದು ಇನ್ನೊಂದು ಸೌಟು ಮಜ್ಜಿಗೆ ಹಾಕಿಸಿಕೊಂಡರು.

ಫೆಬ್ರವರಿ ಬಂತು, ಹೋಯಿತು. ಸರ್ವೆಯವರಿಗೆ ಏನೋ ರಜೆಯಂತೆ. ಆದರೆ ನನ್ನ ಗೈಡುಗಿರಿ ಮಾತ್ರ ಅಂದಿಗೇ ಮುಗಿಯಿತು. ಈಗ ನೆಂಟರು ಫೋನಿನಲ್ಲೇ ‘ಅಜ್ಜಿ ಕರೆದುಕೊಂಡು ಹೋಗ್ತಾರಲ್ಲ?’ ಎಂದು ವಿಚಾರಿಸಿಕೊಳ್ಳುತ್ತಾರೆ. ಅತ್ತೆ ಇಸ್ತ್ರಿ ಮಾಡಿದ ಸೀರೆ ಉಟ್ಟು ಹತ್ತೂವರೆಗೇ ಜಗಲಿಯಲ್ಲಿ ಸಿದ್ಧ. ನಾನು ಬೈರಾಸು ಹಿಡಿದು ಹಿಂದೆ. ಮೊಸ್ಕೆನಿಯವರ ಬಗ್ಗೆ ಯಾರಾದರೂ ಕೇಳಿದರೆ ‘ಅದು ನಮ್ಮ ಸೊಸೆಗೆ ಗೊತ್ತು, ಮನೆಗೆ ಹೋದ ಮೇಲೆ ಹೇಳುತ್ತಾಳೆ’ ಎನ್ನುತ್ತಾರೆ. ಹಿರಿಯ ಮಗನ ಕತೆ ಮಾತ್ರ ತಪ್ಪದೆ ಅವರೇ ಹೇಳುವುದು, ಕಾಗದದ ಭಾಗ ಎರಡು ಸಲ.

ಕನ್ನಡಿ ಬಚ್ಚಲಿನ ಮೊಳೆಗೆ ಹಿಂತಿರುಗಲಿಲ್ಲ. ಇವರು ಬೆಳಿಗ್ಗೆ ಅಂಗಳದಲ್ಲಿ ಸ್ಕೂಟರಿನ ಪಕ್ಕ ಬಗ್ಗಿ ನಿಂತು, ಅದರ ಕನ್ನಡಿಯಲ್ಲಿ ಮೊದಲು ಬಲಗೆನ್ನೆ, ಆಮೇಲೆ ಆಚೆ ಬದಿಗೆ ಹೋಗಿ ಎಡಗೆನ್ನೆ ಹೆರೆದುಕೊಳ್ಳುತ್ತಾರೆ. ಮೊನ್ನೆ ಹಾಗೆ ನೊರೆ ಹಚ್ಚಿಕೊಂಡಿದ್ದಾಗ ಭಾವನ ಫೋನು ಬಂತು. ಕುಶಲ, ಮಳೆ, ಅಡಿಕೆ ರೇಟು ಎಲ್ಲ ಆದ ಮೇಲೆ, ‘ಅಮ್ಮ ಆ ಕನ್ನಡಿ ಇನ್ನೂ ಇಟ್ಟುಕೊಂಡಿದ್ದಾರಾ?’ ಎಂದು ಕೇಳಿದರು.

‘ಇಟ್ಟುಕೊಂಡಿದ್ದಾರೆ’ ಎಂದರು ಇವರು, ಗಲ್ಲ ಒರೆಸುತ್ತ. ‘ಸಾಲುವುದಿಲ್ಲವಂತೆ, ದೊಡ್ಡದು ಬೇಕಂತೆ.’